ನೀರುಗಂಟಿ ಕದರಯ್ಯ ತೆಗೆದ ಫೋಟೋ

ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಕದರಯ್ಯ ಇಪ್ಪತ್ತೆರಡು ವರ್ಷದಿಂದ ನೀರುಗಂಟಿ. ಬೆಳಗ್ಗೆ ಐದೂವರೆಗೆ ಮೋಟಾರು ಹಾಕಬೇಕು, ಬೀದಿ ಬೀದಿಯ ವಾಲ್ವು ತಿರುಗಿಸಬೇಕು. ಮೇಲಿನ ಕೇರಿಗೆ ನೀರು ಏರಲಿಲ್ಲವೆಂದು ಬೈಸಿಕೊಳ್ಳಬೇಕು, ಕೆಳಗಿನ ಕೇರಿಗೆ ಹೆಚ್ಚು ಬಿಟ್ಟನೆಂದು ಮೇಲಿನವರಿಂದಲೇ ಇನ್ನೊಮ್ಮೆ ಬೈಸಿಕೊಳ್ಳಬೇಕು. ಇಷ್ಟೇ ಇದ್ದ ಕೆಲಸಕ್ಕೆ ಆರು ವರ್ಷದ ಹಿಂದೆ ಇನ್ನೊಂದು ಸೇರಿಕೊಂಡಿತು. ತೊಟ್ಟಿ ತೊಳೆದರೆ ಫೋಟೋ, ಬ್ಲೀಚಿಂಗ್ ಪೌಡರ್ ಹಾಕಿದರೆ ಫೋಟೋ, ಒಡೆದ ಪೈಪು ಸರಿಮಾಡಿದರೆ ಮಾಡುವ ಮೊದಲೊಂದು, ಮಾಡಿದ ಮೇಲೊಂದು ಫೋಟೋ.

ಅದೂ ಬರೀ ಫೋಟೋ ಆದರೆ ನಡೆಯುವುದಿಲ್ಲ, ಜಿಪಿಎಸ್ ಫೋಟೋ ಬೇಕು. ಅಂದರೆ ಚಿತ್ರದ ಕೆಳಗೆ ಒಂದು ಕಪ್ಪು ಪಟ್ಟಿ ಬರಬೇಕು. ಅದರಲ್ಲಿ ಪುಟ್ಟದೊಂದು ನಕ್ಷೆ, ಊರು, ಬೀದಿ, ಪಿನ್‌ಕೋಡು, ಅಕ್ಷಾಂಶ, ರೇಖಾಂಶ, ತಾರೀಖು, ಗಂಟೆ ಎಲ್ಲ ತಾನೇ ಅಚ್ಚಾಗಿರಬೇಕು. ಮನೆಯಲ್ಲಿ ಕೂತು ಹಳೇ ಫೋಟೋ ಕಳಿಸುವ ಕಳ್ಳರನ್ನು ಹಿಡಿಯಲಿಕ್ಕೆ ಮೇಲಧಿಕಾರಿಗಳು ಕಂಡುಕೊಂಡ ಉಪಾಯವಂತೆ. ಕದರಯ್ಯ ಕಳ್ಳನಲ್ಲ, ಆದರೂ ಅವನ ಫೋನಿನಲ್ಲಿ ಆ ಕ್ಯಾಮೆರಾ ಬಂದು ಕೂತಿತು. ಫೋನಿನ ಜೊತೆಗೇ ಬಂದಿದ್ದ ಕ್ಯಾಮೆರಾ ಎಲ್ಲೋ ಒಳಗೆ ಸೇರಿಕೊಂಡು, ಅದೊಂದು ಇದೆ ಎನ್ನುವುದನ್ನೇ ಅವನು ಮರೆತುಬಿಟ್ಟ. ಹಬ್ಬಕ್ಕೂ ಅದೇ ಕ್ಯಾಮೆರಾ, ಕರು ಹಾಕಿದ ಹಸುವಿಗೂ ಅದೇ. ನೋಡಿ ನೋಡಿ ಕೆಳಗಿನ ಪಟ್ಟಿ ಅವನ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಅದು ಸಾಹೇಬರು ಓದುವ ಜಾಗ. ಅವನಿಗೆ ಸಂಬಂಧಪಟ್ಟದ್ದು ಮೇಲಿನ ಚಿತ್ರ ಮಾತ್ರ.

ಅವನಿಗೆ ಒಬ್ಬಳೇ ಅಕ್ಕ, ಓಬಳಮ್ಮ. ಅದೇ ಊರಿಗೆ ಕೊಟ್ಟಿದ್ದರು, ಈಗ ಗಂಡನಿಲ್ಲ, ತಮ್ಮನ ಮನೆಯ ಪಕ್ಕದಲ್ಲೇ ಅವಳ ಮನೆ. ಓಬಳಮ್ಮನಿಗೆ ಒಬ್ಬಳೇ ಮಗಳು, ಮೋನಿಕಾ. ಅವಳನ್ನು ಮದುವೆಯಲ್ಲಿ ಮಂಟಪಕ್ಕೆ ಕೈಹಿಡಿದು ಕರೆತಂದವನು ಸೋದರಮಾವ ಕದರಯ್ಯ. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ತುಮಕೂರಿನ ಸತ್ಯಮಂಗಲದ ಕಡೆ ಮನೆ, ಹುಡುಗ ಚೆನ್ನಾಗಿದ್ದಾನೆ ಎಂದು ಅಂಜನ್‌ಕುಮಾರನ ಬಗ್ಗೆ ವಿಚಾರಿಸಿಕೊಂಡು ಬಂದು ಒಪ್ಪಿಗೆ ಕೊಟ್ಟವನೂ ಅವನೇ. ಹುಡುಗ ಚೆನ್ನಾಗಿಯೇ ಇದ್ದ, ಬಾಗಿಲು ಹಾಕುವ ತನಕ. ಬಾಗಿಲು ಹಾಕಿದ ಮೇಲೆ ಕೈ ಎತ್ತುತ್ತಿದ್ದ. ನಾಲ್ಕು ವರ್ಷ ಸಹಿಸಿಕೊಂಡು, ಒಂದು ದಿನ ಬೆಲ್ಟಿನ ಬಕಲ್ಲು ಮಗುವಿನ ಬೆನ್ನಿಗೂ ತಾಗಿದಾಗ, ಮೋನಿಕಾ ಮೂರು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಹೊರಟುಬಿಟ್ಟಳು.

ತವರಿಗೆ ಬಂದರೆ ಅಂಜನ್‌ಕುಮಾರ್ ಮೊದಲು ಅಲ್ಲಿಗೇ ಬರುತ್ತಾನೆ. ಅದಕ್ಕೇ ಕದರಯ್ಯ ಅವಳನ್ನು ಕುಣಿಗಲ್ಲಿಗೆ ಕರೆದೊಯ್ದ. ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು. ಜೊತೆಯಲ್ಲಿ ಹೊಲಿಯುತ್ತಿದ್ದ ಶಿಲ್ಪಾ ಎಂಬ ಹುಡುಗಿ ಶಿವರಾಮಯ್ಯ ಎನ್ನುವವರ ಮನೆಯ ಹಿಂಬದಿಯಲ್ಲಿ ಒಂದು ರೂಮು ಕೊಡಿಸಿದಳು. ಮೋನಿಕಾ ಫೋನ್ ನಂಬರು ಬದಲಾಯಿಸಿದಳು. ಅವಳು ಎಲ್ಲಿದ್ದಾಳೆ ಎಂಬುದು ಊರಲ್ಲಿ ಕದರಯ್ಯನೊಬ್ಬನಿಗೇ ಗೊತ್ತು. ಓಬಳಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಆಕೆ ಅಳುತ್ತಾ ಯಾರ ಮುಂದಾದರೂ ಬಾಯಿಬಿಟ್ಟಾಳು ಎಂಬ ಭಯ.

ಏಳು ತಿಂಗಳು ನೆಮ್ಮದಿಯಾಗಿ ಕಳೆಯಿತು. ಅಂಜನ್‌ಕುಮಾರ್ ಊರಿಗೆ ಎರಡು ಸಲ ಬಂದು ಜಗುಲಿಯ ಮೇಲೆ ಕೂತು ಹೋದ. ಕದರಯ್ಯ ಕಾಫಿ ಕೊಡಿಸಿ, ನಂಗೂ ಗೊತ್ತಿಲ್ಲ ಕಣಪ್ಪ ಎಂದು ಮುಖದ ಒಂದು ಗೆರೆಯೂ ಅಲ್ಲಾಡದಂತೆ ಹೇಳಿ ಕಳಿಸಿದ. ಆ ಸುಳ್ಳಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ತನ್ನ ಬಾಯಿಂದ ಒಂದು ಮಾತು ಹೊರಬೀಳುವುದಿಲ್ಲ ಎಂದು ಅವನಿಗೆ ತನ್ನ ಮೇಲೆಯೇ ಬಹಳ ನಂಬಿಕೆಯಿತ್ತು.

ಮಗುವಿಗೆ ಕಿವಿ ಚುಚ್ಚಿಸಬೇಕಾಯಿತು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮೋನಿಕಾಗೆ ಅಣ್ಣತಮ್ಮಂದಿರಿಲ್ಲ, ಆ ಜಾಗ ಕದರಯ್ಯನದೇ. ಒಂದು ಭಾನುವಾರ ಅವನು ಮಡಿಸಿದ ಬಿಳಿ ಪಂಚೆ ಉಟ್ಟು, ಬೆಲ್ಲ, ಕೊಬ್ಬರಿ, ಎರಡು ಪುಟಾಣಿ ಓಲೆ ತೆಗೆದುಕೊಂಡು ಕುಣಿಗಲ್ಲಿಗೆ ಹೋದ. ಅಕ್ಕಸಾಲಿಗರ ಅಂಗಡಿಯಲ್ಲಿ ಮಗು ಅವನ ತೊಡೆಯ ಮೇಲೆ ಕೂತು, ಅವನ ಬೆರಳು ಹಿಡಿದುಕೊಂಡು, ಊರೇ ಕೇಳುವಂತೆ ಅತ್ತಿತು. ರೂಮಿಗೆ ಬಂದು ಬೆಲ್ಲ ಬಾಯಿಗೆ ಬಿದ್ದ ಮೇಲೆ ಓಲೆ ಮುಟ್ಟಿಕೊಂಡು ನಗತೊಡಗಿತು.

"ಒಂದು ಫೋಟೋ ತೆಗೀತೀನಿ ಕಣವ್ವ. ನಿಮ್ಮವ್ವಂಗೆ ತೋರಿಸ್ಬೇಕು. ಮೊಮ್ಮಗು ಮುಖ ನೋಡಿ ಏಳು ತಿಂಗಳಾಯ್ತು ಅವಳು" ಎಂದ.

ಮೋನಿಕಾ ಮಗುವಿನ ಕೈಯನ್ನು ಓಲೆಯಿಂದ ಬಿಡಿಸಿದಳು. "ಅವ್ವಂಗೆ ಒಬ್ಬಳಿಗೇ ತೋರ್ಸು ಮಾವ. ನಿನ್ ಫೋನಲ್ಲೇ ತೋರ್ಸು. ಯಾರಿಗೂ ಕಳಿಸ್ಬೇಡ."

"ನಾನೇನು ಮಗೂನಾ? ಬುಡು."

ಅವನು ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಫೋನು ಎತ್ತಿದವನು ಹಾಗೇ ನಿಂತ. ಗೋಡೆಯ ಮೇಲೆ ಕುಣಿಗಲ್ಲಿನ ದಿನಸಿ ಅಂಗಡಿಯೊಂದರ ಕ್ಯಾಲೆಂಡರ್ ಇತ್ತು, ಅಂಗಡಿಯ ಹೆಸರು, ಬೀದಿ, ಫೋನ್ ನಂಬರು ಎಲ್ಲ ದಪ್ಪ ಅಕ್ಷರದಲ್ಲಿ. ಅವನು ಅದನ್ನು ಮೊಳೆಯಿಂದ ಬಿಡಿಸಿ ಮಡಚಿ ಹಾಸಿಗೆಯ ಮೇಲಿಟ್ಟ. ಕಿಟಕಿಯ ಕಡೆಯಿಂದ ಮಗುವನ್ನು ಇತ್ತ ಸರಿಸಿದ, ಹೊರಗಿನ ಮನೆ ಕಾಣಬಾರದೆಂದು. "ನೋಡ್ದಾ, ಹಿಂದುಗಡೆ ಬರೀ ಸುಣ್ಣದ ಗೋಡೆ. ಯಾವೂರು ಅಂತ ಬ್ರಹ್ಮಂಗೂ ಗೊತ್ತಾಗಲ್ಲ" ಎಂದ. ಮೋನಿಕಾ ನಕ್ಕಳು. ಮಾವನಿಗೆ ಎಷ್ಟು ಜಾಗ್ರತೆ ಎಂದು ಅವಳ ಕಣ್ಣಂಚು ಒದ್ದೆಯೂ ಆಯಿತು. ತೆಗೆದ ಫೋಟೋ ತೋರಿಸುವಾಗ ಫೋನಿನ ಕೆಳಭಾಗ ಅವನ ಹೆಬ್ಬೆರಳಿನಡಿ ಇತ್ತು. ಮೇಲೆ ಮಗುವಿನ ನಗು, ಎರಡು ಓಲೆ, ಬಿಳಿ ಗೋಡೆ. ಇಬ್ಬರೂ ಅಷ್ಟನ್ನೇ ನೋಡಿದರು.

ಊರಿಗೆ ಬಂದು ಅಕ್ಕನಿಗೆ ತೋರಿಸಿದ. ಓಬಳಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮುಸುರೆ ಕೈಯೆಂದು ಸೆರಗಿನಿಂದ ಒರೆಸಿ, ಮತ್ತೆ ಮತ್ತೆ ನೋಡಿದಳು. ಓದುಬರಹ ಬಾರದ ಹೆಂಗಸು, ಮೊಮ್ಮಗುವಿನ ಮುಖವನ್ನಷ್ಟೇ ಓದಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ಕದರಯ್ಯನ ಕೈ ಸುಮ್ಮನಿರಲಿಲ್ಲ. ನೆಂಟರಿಷ್ಟರದೊಂದು ವಾಟ್ಸಾಪ್ ಗುಂಪಿತ್ತು, ಮೂವತ್ತೆಂಟು ಜನ. ಮೋನಿಕಾ ಯಾವನ ಜೊತೆಗೋ ಓಡಿಹೋಗಿದ್ದಾಳೆ, ಮಗುವಿಗೆ ಶಾಸ್ತ್ರವಿಲ್ಲ ಸಂಪ್ರದಾಯವಿಲ್ಲ ಎಂದು ಅದೇ ಗುಂಪಿನ ಕೆಲವರು ಆಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು. ಆ ರಾತ್ರಿ ಊಟವಾದ ಮೇಲೆ, "ನಮ್ಮ ಪಾಪುಗೆ ಸೋದರಮಾವನ ತೊಡೆಯ ಮೇಲೆ ಕಿವಿ ಚುಚ್ಚಿಸಿದ್ದು" ಎಂದು ಬರೆದು ಫೋಟೋ ಹಾಕಿಯೇಬಿಟ್ಟ. ಅಂಜನ್‌ಕುಮಾರನ ಕಡೆಯವರು ಯಾರೂ ಗುಂಪಿನಲ್ಲಿಲ್ಲ ಎಂದು ಹೆಸರುಗಳನ್ನು ಒಂದೊಂದಾಗಿ ನೋಡಿದ ಮೇಲೆಯೇ ಹಾಕಿದ. ಹೊಗಳಿಕೆ ಬಂತು, ಕೈಮುಗಿದ ಚಿತ್ರಗಳು ಬಂದವು. ಅವನು ನೆಮ್ಮದಿಯಾಗಿ ಮಲಗಿದ.

ಮುಂದಿನ ಭಾನುವಾರ ಬೆಳಗ್ಗೆ ಮೋನಿಕಾ ಫೋನ್ ಮಾಡಿದಳು. ಧ್ವನಿಯೇ ಅವಳದಲ್ಲ.

"ಮಾವ, ಅವ್ನು ಬಂದಿದ್ದ."

ಅಂಜನ್‌ಕುಮಾರ್ ಯಾರನ್ನೂ ಕೇಳದೆ, ಎಲ್ಲೂ ತಡಕಾಡದೆ, ನೇರವಾಗಿ ಶಿವರಾಮಯ್ಯನವರ ಮನೆಯ ಹಿಂಬದಿಗೆ ಬಂದು ಬಾಗಿಲು ತಟ್ಟಿದ್ದ. ಹಾಲಿನವನೆಂದು ಅವಳು ಬಾಗಿಲು ತೆಗೆದಿದ್ದಳು. ಅವನು ಮಗುವಿಗೆ ಕೈಹಾಕಿದ, ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಮಣಿಕಟ್ಟು ತಿರುಚಿಹೋಯಿತು. ಅಕ್ಕಪಕ್ಕದವರು ಸೇರಿದ್ದಕ್ಕೆ ಅವನು ಹೋದ, ಮತ್ತೆ ಬರ್ತೀನಿ ಎಂದು ಹೇಳಿಯೇ ಹೋದ.

ಕದರಯ್ಯ ಇದ್ದ ಬಟ್ಟೆಯಲ್ಲೇ ಕುಣಿಗಲ್ಲಿಗೆ ಓಡಿದ. ಠಾಣೆಗೆ ಹೋಗಿ ದೂರು ಕೊಟ್ಟರು, ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿದರು. ಮಗು ಗಂಡಸರ ಧ್ವನಿ ಕೇಳಿದರೆ ಸಾಕು ಅಮ್ಮನ ಹಿಂದೆ ಸೇರಿಕೊಳ್ಳುತ್ತಿತ್ತು. ಕದರಯ್ಯನ ಧ್ವನಿಗೂ.

"ಯಾರು ಹೇಳಿರ್ತಾರೆ ಮಾವ? ಗೊತ್ತಿದ್ದಿದ್ದು ನಿಂಗೆ, ಶಿಲ್ಪಾಗೆ. ಶಿವರಾಮಯ್ಯನೋರಿಗೆ ಅವನ್ಯಾರು ಅಂತಾನೇ ಗೊತ್ತಿಲ್ಲ."

"ಇನ್ಯಾರು? ಆ ಹುಡುಗೀನೇ" ಎಂದ ಕದರಯ್ಯ. ಅವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಂಜೆ ಶಿಲ್ಪಾ ಹಣ್ಣು ಹಿಡಿದು ನೋಡಲು ಬಂದಾಗ ಅವಳನ್ನು ಗೇಟಿನಲ್ಲೇ ನಿಲ್ಲಿಸಿ, ನಾಲ್ಕು ಮನೆಗೆ ಕೇಳುವಂತೆ ಬೈದ. ಎಷ್ಟು ಕೊಟ್ಟ ನಿಂಗೆ ಅವನು ಎಂದೂ ಕೇಳಿದ. ಶಿಲ್ಪಾ ಏನೋ ಹೇಳಲು ಬಾಯಿ ತೆರೆದಳು. ಒಳಗಿನಿಂದ ಮೋನಿಕಾ ಬಾಗಿಲು ಹಾಕಿಕೊಂಡ ಸದ್ದು ಕೇಳಿ, ಹಣ್ಣಿನ ಚೀಲವನ್ನು ಗೇಟಿಗೆ ಸಿಕ್ಕಿಸಿ ಹೋದಳು.

ಮೂರು ದಿನ ಕಳೆದು ಗುರುವಾರ. ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನೋಡುವ ಮಲ್ಲಿಕಾರ್ಜುನ್ ಕರೆದ.

"ಕದರಣ್ಣ, ಎರಡು ತೊಟ್ಟಿ ಫೋಟೋ ಕಳಿಸಿದೀರ, ಎರಡೂ ಒಂದೇ ಥರ ಇದಾವೆ. ಯಾವ್ದು ಮೇಲಿನ ಕೇರೀದು? ನನ್ನ ಸ್ಕ್ರೀನಲ್ಲಿ ಮಸುಕಾಗಿದೆ. ನಿಮ್ ಫೋನಲ್ಲಿ ಕೆಳಗಿರೋ ಅಡ್ರೆಸ್ ಓದಿ ಹೇಳಿ."

ಕದರಯ್ಯ ಕನ್ನಡಕ ಏರಿಸಿಕೊಂಡು ಕಪ್ಪು ಪಟ್ಟಿಯನ್ನು ಓದಿದ. ಬೀದಿಯ ಹೆಸರು ಓದಿದ, ಊರಿನ ಹೆಸರು ಓದಿದ, ಪಿನ್‌ಕೋಡು ಓದುತ್ತಾ ಓದುತ್ತಾ ಅವನ ನಾಲಿಗೆ ನಿಂತಿತು. ಆರು ವರ್ಷದಲ್ಲಿ ಅವನು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಫೋಟೋಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಾ ಹೋದ. ತೊಟ್ಟಿ, ಪೈಪು, ವಾಲ್ವು, ತೊಟ್ಟಿ, ಆಮೇಲೆ ಮಗು. ನಗುವ ಮುಖ, ಎರಡು ಓಲೆ, ಬಿಳಿ ಗೋಡೆ. ಗೋಡೆಯ ಕೆಳಗೆ ಕುಣಿಗಲ್. ಕುಣಿಗಲ್ಲಿನ ಕೆಳಗೆ ಬೀದಿ, ಅಡ್ಡರಸ್ತೆ, ಪಿನ್‌ಕೋಡು, ಭಾನುವಾರ ಹನ್ನೆರಡೂ ಹತ್ತು. ಪಕ್ಕದಲ್ಲಿ ನಕ್ಷೆ, ನಕ್ಷೆಯ ಮೇಲೆ ಕೆಂಪು ಚುಕ್ಕೆ.

"ಏನಾಯ್ತು ಕದರಣ್ಣ?"

"ಒಂದು ಫೋಟೋ ಗ್ರೂಪಿಂದ ತೆಗೀಬೇಕಲ್ಲ ಮಲ್ಲಿ. ಎಲ್ಲರ ಫೋನಿಂದ್ಲೂ."

"ಹಾಕಿ ಎಷ್ಟು ದಿನ ಆಯ್ತು?"

"ಹನ್ನೊಂದು ದಿನ."

"ಈಗಾಗಲ್ಲ ಬಿಡಿ. ನಿಮ್ಮ ಫೋನಿಂದ ಹೋಗುತ್ತೆ ಅಷ್ಟೇ. ಅವರ ಫೋನಲ್ಲಿ ಇರುತ್ತೆ, ಅವರು ಯಾರಿಗಾದ್ರೂ ಕಳಿಸಿದ್ರೆ ಅಲ್ಲೂ ಇರುತ್ತೆ. ಯಾಕೆ, ಏನ್ ಫೋಟೋ?"

"ಏನಿಲ್ಲ. ತೊಟ್ಟಿದು" ಎಂದ ಕದರಯ್ಯ. ಹೊರಗೆ ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಆ ಮೂವತ್ತೆಂಟು ಜನರಲ್ಲಿ ಯಾರು ಅಂಜನ್‌ಕುಮಾರನಿಗೆ ತೋರಿಸಿದರು ಎಂದು ಅವನು ಒಂದಿಡೀ ದಿನ ಲೆಕ್ಕ ಹಾಕಿದ. ಚಿಕ್ಕಮಾರಯ್ಯನ ಸೊಸೆಯ ತವರು ಅಂಜನ್‌ಕುಮಾರನ ಊರೇ. ಅವಳಿರಬಹುದು, ಇನ್ಯಾರೋ ಇರಬಹುದು. ಮಗುವಿನ ತಂದೆಯಲ್ಲವೇ, ನೋಡಿ ಸಂತೋಷಪಡಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರಬಹುದು. ಆಮೇಲೆ ಆ ಲೆಕ್ಕವನ್ನೂ ಬಿಟ್ಟ. ಹಾಕಿದವನು ತಾನಾಗಿರುವಾಗ ತೋರಿಸಿದವರನ್ನು ಹುಡುಕಿ ಏನು ಮಾಡುವುದು?

ಅವತ್ತೇ ಮೋನಿಕಾಗೆ ಹೇಳಬೇಕಿತ್ತು. ಹೇಳಲಿಲ್ಲ. ಕದರಯ್ಯನ ಪರವಾಗಿ ಆಡಬಹುದಾದ ಮಾತುಗಳೆಲ್ಲ ಇಲ್ಲಿಗೆ ಮುಗಿದವು. ಗೊತ್ತಿಲ್ಲದೆ ಮಾಡಿದ್ದನ್ನು ಕ್ಷಮಿಸಬಹುದು, ಗೊತ್ತಾದ ಮೇಲೆ ಬಾಯಿ ಹೊಲಿದುಕೊಂಡದ್ದನ್ನು ಏನೆನ್ನುವುದು? ದಿನಾ ಸಂಜೆ ಅವಳು ಫೋನ್ ಮಾಡುತ್ತಿದ್ದಳು. ಕೈನೋವು ಕಡಿಮೆಯಾಗಿದೆ, ಮಗು ನಿದ್ದೆಯಲ್ಲಿ ಬೆಚ್ಚುತ್ತದೆ, ಗಾರ್ಮೆಂಟ್ಸಿನಲ್ಲಿ ಶಿಲ್ಪಾಳ ಪಕ್ಕ ಕೂರಲಾಗದೆ ಬೇರೆ ಮೆಷಿನ್ನು ಕೇಳಿ ಹಾಕಿಸಿಕೊಂಡೆ ಎನ್ನುತ್ತಿದ್ದಳು.

"ಎಂಥಾ ಹುಡುಗಿ ನೋಡು ಮಾವ. ಇವತ್ತೂ ಬಂದು ಮಾತಾಡ್ಸಕ್ಕೆ ನೋಡಿದ್ಲು. ನಾಚ್ಕೆ ಇಲ್ಲ."

"ಊಂ" ಎನ್ನುತ್ತಿದ್ದ ಕದರಯ್ಯ.

ನಾಳೆ ಹೇಳುತ್ತೇನೆ ಎಂದುಕೊಂಡು ಮಲಗುತ್ತಿದ್ದ. ಮೋಟಾರು ಹಾಕಿ, ನಿಲ್ಲಿಸುವುದನ್ನು ಮರೆತು, ತೊಟ್ಟಿ ತುಂಬಿ ರಸ್ತೆಯೆಲ್ಲ ಕೆಸರಾಗಿ, ಜನ ಉಗಿದರು. ಉಗಿಸಿಕೊಂಡಾಗ ಒಂದು ಗಳಿಗೆ ಹಿತವೆನಿಸುತ್ತಿತ್ತು. ಯಾರಾದರೂ ಒಬ್ಬರು ತನ್ನನ್ನು ಬೈಯಲಿ, ಯಾತಕ್ಕಾದರೂ ಸರಿ, ಎನ್ನುವ ಸ್ಥಿತಿಗೆ ಬಂದಿದ್ದ. ಹೆಣ್ಣುಮಗಳೊಬ್ಬಳನ್ನು ನಾಲ್ಕು ಮನೆಗೆ ಕೇಳುವಂತೆ ಬೈದದ್ದು, ಅವಳು ಗೇಟಿಗೆ ಸಿಕ್ಕಿಸಿ ಹೋದ ಮೂಸಂಬಿ, ಎರಡೂ ಅನ್ನದ ಮುಂದೆ ಕೂತಾಗಲೇ ನೆನಪಿಗೆ ಬರುತ್ತಿದ್ದವು. ಹೀಗೆ ಹದಿನೇಳು ದಿನ.

ತಿಂಗಳ ಕೊನೆಯ ಭಾನುವಾರ ಮೋನಿಕಾ ಅವನನ್ನು ಕರೆಸಿಕೊಂಡಳು. ಶಿವರಾಮಯ್ಯ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಗಲಾಟೆಗೆ ಹೆದರುತ್ತಾರೆ, ತಪ್ಪು ತಿಳಿಯಬೇಡಮ್ಮ ಎಂದು ರೂಮು ಖಾಲಿ ಮಾಡಲು ಕೇಳಿಕೊಂಡಿದ್ದರು. ಅವರು ಕೇಳದಿದ್ದರೂ ಅವಳು ಅಲ್ಲಿರುವಂತಿರಲಿಲ್ಲ. ಅಂಜನ್‌ಕುಮಾರನಿಂದ ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡಿದ್ದರೂ, ಬಾಗಿಲು ಗೊತ್ತಿರುವವನು ಮತ್ತೆ ಬಾರದಿರುತ್ತಾನೆಯೇ?

ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಾ ಅವಳು ಹೇಳಿದಳು, "ಶಿಲ್ಪಾಗೆ ನನ್ ಕಷ್ಟ ಹೇಳ್ಕೊಂಡಿದ್ದೇ ತಪ್ಪಾಯ್ತು. ಹೊರಗಿನೋರನ್ನ ನಂಬಬಾರ್ದು ಮಾವ. ನಂಗೀಗ ನೀನೊಬ್ನೇ."

ಕದರಯ್ಯನ ಕೈಯಲ್ಲಿದ್ದ ಕುಕ್ಕರ್ ಕೆಳಗಿಳಿಯಿತು. ಆ ಮಾತನ್ನು ಕೇಳಿಯೂ ಸುಮ್ಮನಿರುವಷ್ಟು ಗಟ್ಟಿ ಎದೆ ಅವನಿಗಿರಲಿಲ್ಲ. ಜೇಬಿನಿಂದ ಫೋನು ತೆಗೆದು, ಫೋಟೋ ತೆರೆದು, ಈ ಸಲ ಎರಡು ಬೆರಳಲ್ಲಿ ಅಂಚು ಹಿಡಿದು ಅವಳ ಮುಂದೆ ಚಾಚಿದ.

"ಕೆಳಗಡೆ ಓದವ್ವ."

ಅವಳು ಓದಿದಳು. ಒಂದು ಸಲ ಓದಿ ಅವನ ಮುಖ ನೋಡಿ, ಮತ್ತೆ ಓದಿದಳು.

"ಕ್ಯಾಲೆಂಡರ್ ತೆಗ್ದಿಟ್ಟೆಯಲ್ಲ ಮಾವ" ಎಂದಳು.

"ಹೂಂ."

"ಯಾರಿಗೆ ಕಳ್ಸಿದ್ದೆ ಇದನ್ನ?"

"ನೆಂಟರ ಗ್ರೂಪಿಗೆ ಹಾಕ್ದೆ. ನಿನ್ ಬಗ್ಗೆ ಏನೇನೋ ಆಡ್ಕೊಳ್ಳೋರು, ಬಾಯಿ ಮುಚ್ಚಿಸೋಣ ಅಂತ." ಅಲ್ಲಿಗೆ ನಿಲ್ಲಿಸಲು ಅವನಿಗೆ ಮನಸ್ಸಾಯಿತು. ನಿಲ್ಲಿಸಲಿಲ್ಲ. "ಅದೊಂದೇ ಅಲ್ಲ. ನನ್ ತೊಡೆ ಮೇಲೆ ಚುಚ್ಚಿಸಿದ್ದು ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ್ಲೂ ಇತ್ತು."

ಮೋನಿಕಾ ಬೈಯಲಿಲ್ಲ, ಅಳಲೂ ಇಲ್ಲ. ಮಗು ಬಂದು ಫೋನಿನಲ್ಲಿದ್ದ ತನ್ನನ್ನು ತೋರಿಸಿ ನಕ್ಕಿತು. ಅವಳು ಮಗುವಿನ ತಲೆ ಸವರಿ ಆ ಕಡೆ ಆಡಲು ಕಳಿಸಿದಳು.

"ಯಾವಾಗ ಗೊತ್ತಾಯ್ತು ನಿಂಗೆ? ಇವತ್ತಾ?"

ಹೂಂ ಅನ್ನಬಹುದಿತ್ತು. ಅವಳೇ ದಾರಿ ಕೊಟ್ಟಿದ್ದಳು.

"ಹದಿನೇಳು ದಿನ ಆಯ್ತು."

ಆಗ ಅವಳ ಮುಖ ಬದಲಾಯಿತು. ಪಟ್ಟಿಯನ್ನು ಓದಿದಾಗಲೂ ಹಾಗೆ ಆಗಿರಲಿಲ್ಲ. "ಹದಿನೇಳು ದಿನ ನಾನು ಶಿಲ್ಪಾನ ಬೈಕೊಂಡು ಓಡಾಡಿದೀನಿ. ಅವಳ ಎದುರಿಗೇ ಎದ್ದು ಹೋಗಿದೀನಿ. ದಿನಾ ನಿಂಗೆ ಹೇಳ್ತಿದ್ದೆ. ನೀನು ಊಂ ಅಂತಿದ್ದೆ."

ಕದರಯ್ಯ ಫೋನನ್ನು ಜೇಬಿಗೆ ಹಾಕಿಕೊಂಡ. ತನ್ನ ಅಂಗೈಯನ್ನೇ ನೋಡುತ್ತಾ ಕೂತ.

ಮೋನಿಕಾ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು, ಕೊನೆಗೆ ಅತ್ತಳು. ಅರ್ಧ ಗಂಟೆಯಲ್ಲಿ ಶಿಲ್ಪಾ ಬಂದಳು. ಗೇಟಿನ ಬಳಿ ಕದರಯ್ಯ ಎದ್ದು ನಿಂತು, "ತಪ್ಪಾಯ್ತು ಕಣಮ್ಮ" ಎಂದ. ಅವಳು, "ನಿಮ್ಮನೇಲಿ ಹೆಣ್ಮಕ್ಳಿಲ್ವಾ ಅಂಕಲ್ ಅಂತ ಅವತ್ತೇ ಕೇಳ್ಬೇಕು ಅಂತಿದ್ದೆ" ಎಂದು ಒಳಗೆ ಹೋದಳು. ಹೆಂಗಸರಿಬ್ಬರೂ ಪಿಸುಮಾತಿನಲ್ಲಿ ಏನೋ ತೀರ್ಮಾನ ಮಾಡಿದರು. ಶಿಲ್ಪಾಳ ಚಿಕ್ಕಮ್ಮನೋ ಯಾರೋ ಇರುವ ಒಂದು ಊರಿನ ಮಾತು ಬಂತು. ಕದರಯ್ಯ ಬಾಗಿಲ ಬಳಿ ಬಂದಾಗ ಮಾತು ನಿಂತಿತು.

"ಸಾಮಾನು ಆಟೋಗೆ ಹಾಕಿ ಕೊಡ್ತೀನಿ" ಎಂದ.

"ಬೇಡ ಮಾವ. ನೀನು ಹೊರಡು. ನಾವು ಯಾವ ಕಡೆ ಹೋಗ್ತೀವಿ ಅಂತ ನಿಂಗೂ ಗೊತ್ತಾಗೋದು ಬೇಡ."

"ಇನ್ಮೇಲೆ ಫೋಟೋನೇ ತೆಗೆಯಲ್ಲ ಕಣವ್ವ. ನಿನ್ನಾಣೆ."

"ಫೋಟೋ ತಿಳೀದೆ ಹಾಕ್ದೆ, ಬುಡು. ನಂಗೇನು ಅದರ ಕೋಪ ಇಲ್ಲ." ಅವಳು ಗೋಣಿಚೀಲದ ಬಾಯಿ ಬಿಗಿದು ಕಟ್ಟಿದಳು. "ನಂಬಿಕೆ ಬಂದಾಗ ನಾನೇ ಫೋನ್ ಮಾಡ್ತೀನಿ. ನೀನು ಮಾಡ್ಬೇಡ."

ಮಗು ಮಾತ್ರ ತಾತಾ ಎಂದು ಗೇಟಿನ ತನಕ ಬಂತು. ಅವನು ಎತ್ತಿಕೊಳ್ಳಲು ಬಗ್ಗಿ, ಏಕೋ ಎತ್ತಿಕೊಳ್ಳದೆ, ಕೆನ್ನೆ ಮುಟ್ಟಿ ಹೊರಟ.

ಊರು ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಓಬಳಮ್ಮ ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದಳು. ಅಂಜನ್‌ಕುಮಾರ್ ಹೋಗಿ ಗಲಾಟೆ ಮಾಡಿದ್ದು, ಮಗಳು ಮನೆ ಬದಲಾಯಿಸುತ್ತಿರುವುದು, ಇಷ್ಟು ಅವಳಿಗೆ ಗೊತ್ತಿತ್ತು.

"ಹೋದ್ರೇನ್ಲಾ ಕದರ? ಒಳ್ಳೆ ಜಾಗ ತಾನೆ?"

"ನಂಗೂ ಗೊತ್ತಿಲ್ಲ ಅಕ್ಕ."

ಓಬಳಮ್ಮ ಅವನನ್ನೇ ನೋಡಿ, ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿದಳು. "ಹೇಳ್ಬೇಡ ಬುಡು. ನನ್ ಬಾಯಿ ಸರಿಯಿಲ್ಲ, ಅತ್ತೂಕರ್ದು ಯಾರ ಮುಂದಾದ್ರೂ ಒದರಿಬಿಡ್ತೀನಿ. ನಿನ್ನಂಗೆ ಗುಟ್ಟು ಕಾಯೋನು ಒಬ್ಬ ಇದ್ದೀಯಲ್ಲ, ಅಷ್ಟೇ ಸಾಕು ನನ್ ಮಗೀಗೆ." ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಕದರಯ್ಯ ಅಕ್ಕನ ಪಕ್ಕದಲ್ಲಿ ಕೂತ. ಕಿವಿ ಚುಚ್ಚಿಸಿದ ದಿನದಿಂದ ಶುರುಮಾಡಿ ಹೇಳುತ್ತಾ ಹೋದ, ಗುಂಪಿಗೆ ಹಾಕಿದ್ದು, ಶಿಲ್ಪಾಳನ್ನು ಬೈದದ್ದು, ಗೊತ್ತಾದ ಮೇಲೂ ಹದಿನೇಳು ದಿನ ಸುಮ್ಮನಿದ್ದದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಯುವ ಹೊತ್ತಿಗೆ ಓಬಳಮ್ಮನ ಕೈ ಅವನ ಕೈಮೇಲಿರಲಿಲ್ಲ.